ಅಲಂಕಾರದ ವಸ್ತುವೂ ಆವಾಸದಾನವೂ

ಮನೆಯಿಲ್ಲದವರ ನೆರವಿಗೆಂದು ಕಲಾತ್ಮಕ ಗೃಹವಸ್ತುಗಳನ್ನು ಮಾರುವ ಪದ್ಧತಿ ನಗರಗಳಲ್ಲಿ ಕಾಣಬರುತ್ತಿದೆ. ಉದ್ದೇಶ ಉದಾತ್ತವಾದುದು, ಆದರೂ ಶ್ರಾವಕಧರ್ಮದ ಒರೆಗಲ್ಲಿಗೆ ಅದನ್ನು ಹಚ್ಚಿ ನೋಡುವುದು ಅಗತ್ಯ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ತಾಯಂದಿರು ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ಚಿಂದಿಯೂ ವ್ಯರ್ಥವಾಗದ ಈ ಕಾಯಕ ಅಪರಿಗ್ರಹದ ಪಾಠವೇ ಸರಿ. ಇದೇ ಸೀಮೆಯ ಕೂಲಿಕಾರ ಕುಟುಂಬಗಳು ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗಿ, ಪರರ ಮನೆ ಕಟ್ಟುತ್ತ ತಾವು ತಗಡು, ತಾಡಪತ್ರಿಗಳ ಕೆಳಗೆ ಮಲಗುತ್ತವೆ. ಕೌದಿಯು ಸಿರಿವಂತರ ಪಡಸಾಲೆಯ ಅಲಂಕಾರವಾದಾಗ ಹೊಲಿದವಳಿಗೆ ಸಂದುದೆಷ್ಟು, ಸೂರಿಗೆ ಸಂದುದೆಷ್ಟು ಎಂಬ ಲೆಕ್ಕವೂ ಅದರೊಡನೆ ಬರಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣ, ಆವಾಸಗಳೆಂಬ ನಾಲ್ಕು ಬಗೆಯ ದಾನದಿಂದ ವೈಯಾವೃತ್ಯವನ್ನು ವಿವರಿಸಿದ್ದಾರೆ. ಅದು ಮುಖ್ಯವಾಗಿ ಸಂಯಮಿಗಳ ಸೇವೆಯ ಮಾತಾದರೂ ಅದರ ತತ್ತ್ವ ಸ್ಪಷ್ಟ: ಕೊಟ್ಟ ವಸ್ತು ದಾನಿಯ ಬಳಿ ಉಳಿಯದು. ಬೇಡದ ದೀಪವೊಂದನ್ನು ಕೊಂಡು ತನ್ನ ಮನೆಯಲ್ಲಿಟ್ಟು ದಾನಿಯೆನಿಸಿಕೊಳ್ಳುವವನು ಪರಿಗ್ರಹವನ್ನೂ ಪುಣ್ಯವನ್ನೂ ಒಂದೇ ಬೆಲೆಗೆ ಬಯಸುತ್ತಾನೆ.

ಇಂಥ ವಸ್ತು ನಿರಾಶ್ರಿತರ ನೆನಪು ತರುವುದು ನಿಜ. ಆದರೆ ನೆನಪು ನೆರಳಾಗದು. 1949ರಲ್ಲಿ ಫ್ರಾನ್ಸಿನಲ್ಲಿ ಆಬೆ ಪಿಯೇರ್ ಆರಂಭಿಸಿದ ಎಮ್ಮಾವುಸ್ ಸಂಸ್ಥೆಯಲ್ಲಿ ನೆಲೆಯಿಲ್ಲದವರೇ ಹಳೆಯ ಸಾಮಾನು ಸಂಗ್ರಹಿಸಿ, ದುರಸ್ತಿಗೊಳಿಸಿ, ಮಾರಿ, ಆ ದುಡಿಮೆಯಿಂದಲೇ ಸೂರು ಕಂಡುಕೊಂಡರು. ಅಲ್ಲಿ ನಿರಾಶ್ರಿತನು ಕರುಣೆಯ ಚಿತ್ರವಲ್ಲ, ದುಡಿಮೆಯ ಒಡೆಯ.

ಬಸದಿಗಳ ವಿಶ್ವಸ್ತ ಮಂಡಳಿಗಳು ವಿಚಾರಿಸಬೇಕಾದುದು ಇದನ್ನೇ. ಬರಿದಾಗಿರುವ ಧರ್ಮಶಾಲೆಯ ಒಂದು ಕೋಣೆ ಗುಳೆ ಹೊರಟ ಕುಟುಂಬಕ್ಕೆ ತೆರೆದರೆ, ಅದು ಯಾವ ಅಲಂಕಾರವೂ ಬೇಡದ ಆವಾಸದಾನ.