ಕೂಸಿಯ ಒಡೆಯ, ಕೂಸಿಯ ಊರು

ಬಾರ್ಬರಾ ಟಕ್‌ಮನ್ ಅವರ ‘ಎ ಡಿಸ್ಟೆಂಟ್ ಮಿರರ್’ ಪ್ರಕಟವಾದದ್ದು 1978ರಲ್ಲಿ. ಹದಿನಾಲ್ಕನೆಯ ಶತಮಾನದ ಯುರೋಪಿನ ಕಥೆ. ಪ್ಲೇಗು, ಇಂಗ್ಲೆಂಡ್–ಫ್ರಾನ್ಸ್‌ಗಳ ನಡುವಿನ ಮುಗಿಯದ ಯುದ್ಧ, ಏಕಕಾಲಕ್ಕೆ ಇಬ್ಬರು ಪೋಪರು, ರೈತರ ದಂಗೆ, ಸಂಬಳ ನಿಂತೊಡನೆ ಹಳ್ಳಿಗಳನ್ನು ದೋಚುವ ಬಾಡಿಗೆ ಸೈನಿಕರು, ಎಲ್ಲವೂ ಇದರಲ್ಲಿವೆ. ಆರುನೂರು ಪುಟಗಳಷ್ಟು ಹರಡಿದ ಈ ಗದ್ದಲವನ್ನು ಪೋಣಿಸಲು ಒಂದು ದಾರ ಬೇಕಲ್ಲ, ಅದಕ್ಕಾಗಿ ಲೇಖಕಿ ಒಬ್ಬ ಮನುಷ್ಯನನ್ನು ಆರಿಸಿಕೊಂಡರು. ಅವನು ಏಳನೆಯ ಆಂಗೆರಾನ್, ಕೂಸಿಯ ಒಡೆಯ.

ಯಾಕೆ ಅವನೇ ಎಂಬುದನ್ನು ಮುನ್ನುಡಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ರಾಜ ರಾಣಿಯರು ಬೇಡ, ಅವರು ಹೇಗಿದ್ದರೂ ಎಲ್ಲರಂತಲ್ಲ. ಸಾಮಾನ್ಯ ಮನುಷ್ಯನ ಬದುಕಿಗೆ ಅಷ್ಟು ಹರವಿಲ್ಲ. ಪಾದ್ರಿ, ಸಂತರು ತಮ್ಮ ಗ್ರಹಿಕೆಗೆ ಹೊರಗಿನವರು. ಹೆಂಗಸೊಬ್ಬಳನ್ನು ತೆಗೆದುಕೊಳ್ಳೋಣವೆಂದರೆ, ಆ ಕಾಲದಲ್ಲಿ ಸಾಕಷ್ಟು ದಾಖಲೆ ಉಳಿದಿರುವ ಹೆಂಗಸು ಅಷ್ಟರಿಂದಲೇ ಅಪವಾದ. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತ ಹೋದರೆ ಉಳಿಯುವವನು ಗಂಡಸು, ಸರದಾರ. ತರ್ಕವೇನೋ ಸರಿ. ಆದರೆ ಪುಸ್ತಕ ಮುಗಿಸಿದ ಮೇಲೂ ನನ್ನನ್ನು ಕಾಡಿದ್ದು ಆ ಪಟ್ಟಿಗೆ ಬರದೇ ಹೋದ ಇನ್ನೊಂದು ಆಯ್ಕೆ. ಕೂಸಿ ಎಂಬುದು ಮೊದಲಿಗೆ ಒಂದು ಊರು. ಆ ಊರೇ ಯಾಕೆ ಕಥಾನಾಯಕ ಆಗಲಿಲ್ಲ?

ಕನ್ನಡದ ಕಿವಿಗೆ ಕೂಸನ್ನು ನೆನಪಿಸುವ ಹೆಸರು, ಊರೂ ಹೆಚ್ಚುಕಡಿಮೆ ಹಾಗೇ ಚಿಕ್ಕದು. ಉತ್ತರ ಫ್ರಾನ್ಸಿನ ಏನ್ ಪ್ರಾಂತ್ಯದಲ್ಲಿ, ಲಾಂ ಮತ್ತು ಸ್ವಾಸೋಂ ನಗರಗಳ ನಡುವೆ, ಕಣಿವೆಯನ್ನು ನೋಡುತ್ತ ನಿಂತ ಸುಣ್ಣಕಲ್ಲಿನ ಗುಡ್ಡದ ತುದಿಯಲ್ಲಿದೆ. ಈಗ ಸಾವಿರದಷ್ಟು ಜನ. ಸುತ್ತ ಬುರುಜುಗಳ ಗೋಡೆ, ಮೂರು ದಿಕ್ಕಿಗೆ ಮೂರು ಹೆಬ್ಬಾಗಿಲು. ಗುಡ್ಡದ ಮೂಗಿನ ಮೇಲೆ ಕೋಟೆಯ ಅವಶೇಷ. ಕೂಸಿ-ಲ-ಶಾತೋ ಎಂದರೆ ಕೋಟೆ ಕೂಸಿ ಎಂದೇ ಅರ್ಥ.

ಹೆಸರಿನಿಂದಲೇ ಶುರುಮಾಡಬಹುದು. ‘ದ ಕೂಸಿ’ ಎಂದರೆ ಕೂಸಿಯವನು. ನಮ್ಮಲ್ಲಿ ಹೆಸರಿನ ಹಿಂದೆ ಊರಿನ ಅಕ್ಷರ ಇಟ್ಟುಕೊಳ್ಳುವವರು ಆ ಊರಿಗೆ ಸೇರಿದವರು. ಅಲ್ಲಿ ಆ ‘ದ’ ಎಂಬ ಚಿಕ್ಕ ಪದ ಸದ್ದಿಲ್ಲದೆ ತಿರುವುಮುರುವಾಗಿ, ಊರು ನನಗೆ ಸೇರಿದ್ದು ಎಂಬ ಅರ್ಥ ಪಡೆದುಬಿಟ್ಟಿತ್ತು. ಆದರೆ ಊರಿನ ಹೆಸರು ಈ ವಂಶಕ್ಕಿಂತ ಹಳೆಯದು. ಆ ನೆಲ ರಾನ್ಸ್‌ ನಗರದ ಚರ್ಚಿನ ಆಸ್ತಿ. ಗುಡ್ಡದ ಮೇಲೆ ಮೊದಲ ಕೋಟೆ ಕಟ್ಟಿಸಿದವನು ಅಲ್ಲಿನ ಆರ್ಚ್‌ಬಿಷಪ್ ಎರ್ವೆ, ಹತ್ತನೆಯ ಶತಮಾನದ ಆದಿಯಲ್ಲಿ. ಮೊದಲನೆಯ ಆಂಗೆರಾನ್ ಹನ್ನೊಂದನೆಯ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಕೈವಶ ಮಾಡಿಕೊಂಡ ಮೇಲಷ್ಟೇ ಅದು ವಂಶದ ಹೆಸರಾದದ್ದು. ನಾಲ್ಕನೆಯ ಆಂಗೆರಾನ್ 1311ರಲ್ಲಿ ಮಕ್ಕಳಿಲ್ಲದೆ ಸತ್ತ. ಆಸ್ತಿ ಅವನ ಸಹೋದರಿಯ ಕಡೆಯವರಿಗೆ, ಗೀನ್ ಎಂಬ ಬೇರೆ ಮನೆತನಕ್ಕೆ ಹೋಯಿತು. ಅವರೂ ಕೋಟೆಯ ಜೊತೆಗೇ ‘ದ ಕೂಸಿ’ ಎಂಬ ಹೆಸರನ್ನೂ ಆಂಗೆರಾನ್ ಎಂಬ ಹೆಸರನ್ನೂ ತೊಟ್ಟುಕೊಂಡರು. ಅಂದರೆ ಟಕ್‌ಮನ್ ಅವರ ಏಳನೆಯವನು ಗಂಡು ಸಂತಾನದ ಲೆಕ್ಕದಲ್ಲಿ ಮೊದಲ ಆಂಗೆರಾನನ ಕುಲದವನೇ ಅಲ್ಲ.

ಇನ್ನೂ ಸ್ವಾರಸ್ಯದ ಸಂಗತಿ ಕವಿಯದು. ಹಳೆಯ ಫ್ರೆಂಚ್ ಕಾವ್ಯದಲ್ಲಿ ‘ಕೂಸಿ’ ಎಂದರೆ ಮೊದಲು ನೆನಪಾಗುವವನು ಒಡೆಯನಲ್ಲ, ಕೋಟೆಯನ್ನು ನೋಡಿಕೊಳ್ಳುತ್ತಿದ್ದ ಶಾತ್‌ಲೆನ್, ನಮ್ಮ ಮಾತಿನಲ್ಲಿ ಕಿಲ್ಲೇದಾರ. ಗೀ ಎಂಬ ಆ ಕಿಲ್ಲೇದಾರ ಪ್ರೇಮಗೀತೆಗಳನ್ನು ಬರೆದು, ನಾಲ್ಕನೆಯ ಧರ್ಮಯುದ್ಧಕ್ಕೆ ಹೊರಟವನು 1203ರಲ್ಲಿ ಹಾದಿಯಲ್ಲೇ ತೀರಿಕೊಂಡ. ನೂರು ವರ್ಷ ಕಳೆಯುವಷ್ಟರಲ್ಲಿ ಝಾಕ್‌ಮೆ ಎಂಬ ಕವಿ ಅವನ ಸುತ್ತ ಒಂದು ಪದ್ಯಕಥೆ ಹೆಣೆದ. ಸತ್ತ ಪ್ರಿಯಕರನ ಹೃದಯವನ್ನು ಪೆಟ್ಟಿಗೆಯಲ್ಲಿಟ್ಟು ಫಾಯೆಲ್‌ನ ಒಡತಿಗೆ ಕಳಿಸುತ್ತಾರೆ, ಗಂಡ ಅದನ್ನು ನಡುದಾರಿಯಲ್ಲಿ ಹಿಡಿದು ಬೇಯಿಸಿ ಅವಳಿಗೇ ಉಣಿಸುತ್ತಾನೆ. ಕೂಸಿ ಎಂಬ ಹೆಸರನ್ನು ಸಾಹಿತ್ಯದಲ್ಲಿ ಬಹುಕಾಲ ಉಳಿಸಿದ್ದು ಆ ಮನೆತನದ ನೌಕರಿಯಲ್ಲಿದ್ದವನ ಈ ಕಥೆ.

ಒಡೆಯರ ಕಥೆಗಳೂ ರುಚಿಯಲ್ಲಿ ಕಡಿಮೆಯೇನಲ್ಲ. ಟಕ್‌ಮನ್ ಅವರ ಮೊದಲ ಅಧ್ಯಾಯ ಇಡೀ ಪುಸ್ತಕದಲ್ಲೇ ಅತ್ಯಂತ ಬಿಗಿಯಾದದ್ದು. ಮೊದಲ ಆಂಗೆರಾನನ ಮಗ ತೋಮಾ ದ ಮಾರ್ಲ್ ಅಪ್ಪನ ಮೇಲೇ ಕತ್ತಿ ಎತ್ತಿದವನು. ಅವನ ಕ್ರೌರ್ಯವನ್ನು ಬಣ್ಣಿಸಿದವರು ಮಠಾಧಿಪತಿಗಳಾದ ಗೀಬೆರ್ ಮತ್ತು ಸ್ಯೂಜೆ. ಇಬ್ಬರೂ ಚರ್ಚಿನವರು, ಚರ್ಚಿನ ಆಸ್ತಿ ದೋಚುತ್ತಿದ್ದವನನ್ನು ಕುರಿತು ಬರೆದವರು, ಅದನ್ನು ಮರೆಯದೆ ಓದಬೇಕು. ಮೂರನೆಯ ಆಂಗೆರಾನ್ 1220ರ ದಶಕದಲ್ಲಿ ಕಟ್ಟಿಸಿದ ಮುಖ್ಯ ಗೋಪುರದ ಎತ್ತರ ಸುಮಾರು 54 ಮೀಟರ್, ಅಡ್ಡಳತೆ 31 ಮೀಟರ್. ಪ್ಯಾರಿಸ್ಸಿನಲ್ಲಿ ರಾಜ ಕಟ್ಟಿಸಿದ ಲೂವ್ರ್ ಗೋಪುರ ಅದರ ಮುಂದೆ ಕುಳ್ಳು. ನಾನು ರಾಜನೂ ಅಲ್ಲ, ರಾಜಕುಮಾರನೂ ಅಲ್ಲ, ಡ್ಯೂಕನೂ ಕೌಂಟನೂ ಅಲ್ಲ, ನಾನು ಕೂಸಿಯ ಒಡೆಯ ಎಂಬರ್ಥದ ಜಂಬದ ಮಾತೊಂದು ಈ ವಂಶದ ಬಿರುದಾಗಿತ್ತು. ಅದಕ್ಕೆ ಕಲ್ಲಿನ ರೂಪ ಈ ಗೋಪುರ. ನಾಲ್ಕನೆಯವನಂತೂ ತನ್ನ ಕಾಡಿನಲ್ಲಿ ಬೇಟೆಯಾಡಿದರೆಂದು ಮೂವರು ಹುಡುಗರನ್ನು ವಿಚಾರಣೆಯಿಲ್ಲದೆ ನೇಣಿಗೆ ಹಾಕಿಸಿದ. ಒಂಬತ್ತನೆಯ ಲೂಯಿ, ಮುಂದೆ ಸಂತನೆನಿಸಿಕೊಂಡ ಅದೇ ರಾಜ, ಅವನನ್ನು ಹಿಡಿಸಿ ನ್ಯಾಯಕ್ಕೆ ನಿಲ್ಲಿಸಿ ಭಾರೀ ದಂಡ ಹಾಕಿದ. ಸತ್ತ ಹುಡುಗರು ಕುಲೀನ ಮನೆಯವರು ಎಂಬುದನ್ನೂ ಇಲ್ಲಿ ಸೇರಿಸಬೇಕು. ಬಡವರ ಮಕ್ಕಳಾಗಿದ್ದರೆ ಈ ಕಥೆ ನಮ್ಮವರೆಗೆ ಬರುತ್ತಿತ್ತೆ?

ಇಷ್ಟಾದ ಮೇಲೆ ಏಳನೆಯವನು ಬರುತ್ತಾನೆ. 1340ರಲ್ಲಿ ಹುಟ್ಟು. ಸೆರೆಸಿಕ್ಕ ಫ್ರೆಂಚ್ ರಾಜನ ಬಿಡುಗಡೆಗೆ ಒತ್ತೆಯಾಳಾಗಿ 1360ರಲ್ಲಿ ಇಂಗ್ಲೆಂಡಿಗೆ. ಅಲ್ಲಿ ಮೂರನೆಯ ಎಡ್ವರ್ಡನ ಹಿರಿಯ ಮಗಳು ಇಸಬೆಲಾಳ ಜೊತೆ 1365ರಲ್ಲಿ ಮದುವೆ. ಒತ್ತೆಯಾಳು ಅಳಿಯನಾದ! ಮಾವ ಸತ್ತ 1377ರಲ್ಲಿ ಇಂಗ್ಲೆಂಡಿನ ಋಣ ಹರಿದುಕೊಂಡು ಪೂರ್ತಿ ಫ್ರಾನ್ಸಿನವನಾದ. ಎರಡೂ ಪಾಳೆಯದ ಒಳಗಿದ್ದವನು, ಎಲ್ಲ ದೊಡ್ಡ ಘಟನೆಗಳ ಬಳಿ ಸುಳಿದವನು. ಕಥೆಗಾರ್ತಿಗೆ ಇನ್ನೇನು ಬೇಕು ಅನ್ನಿಸುವುದು ಸಹಜ.

ತೊಡಕಿರುವುದು ಅವನ ಮನಸ್ಸು ಎಲ್ಲೂ ಸಿಗದಿರುವುದರಲ್ಲಿ. ಎಲ್ಲಿದ್ದ, ಯಾರ ಜೊತೆ ಸವಾರಿ ಹೋದ, ಎಷ್ಟು ಸಂಬಳ ಪಡೆದ ಎಂಬುದು ಸಿಗುತ್ತದೆ. ಏನನ್ನು ಯೋಚಿಸಿದ ಎಂಬುದು ಸಿಗದು. ವೃತ್ತಾಂತಕಾರ ಫ್ರುವಾಸಾರ್ ಅವನನ್ನು ಹೊಗಳುತ್ತಾನೆ, ಆದರೆ ಫ್ರುವಾಸಾರ್ ಹೊಗಳದ ಸರದಾರರು ಕಡಿಮೆ. 1380ರಲ್ಲಿ ಫ್ರಾನ್ಸಿನ ಮಹಾದಂಡನಾಯಕ ಸ್ಥಾನ ಕೊಡಲು ಬಂದಾಗ ಆಂಗೆರಾನ್ ಒಲ್ಲೆನೆಂದು ಕ್ಲಿಸೋಂ ಎಂಬವನ ಹೆಸರು ಸೂಚಿಸಿದ. ಯಾಕೆ ಒಲ್ಲೆನೆಂದ ಎಂಬಲ್ಲಿ ಲೇಖಕಿ ಊಹೆಗೆ ಇಳಿಯಬೇಕಾಗುತ್ತದೆ. ಆ ಊಹೆಗಳಲ್ಲಿ ಅವನು ಮೆಲ್ಲಗೆ ವಿವೇಕಿಯಾಗುತ್ತ ಹೋಗುತ್ತಾನೆ, ಹುಚ್ಚರ ಕಾಲದ ಒಬ್ಬನೇ ಬುದ್ಧಿವಂತ ಆಗಿಬಿಡುತ್ತಾನೆ. ಮಧ್ಯಯುಗದ ವಿದ್ವಾಂಸರು ಈ ಪುಸ್ತಕದಲ್ಲಿ ಬೇರೆ ತಪ್ಪುಗಳನ್ನು ಎತ್ತಿದ್ದಾರೆ. ಓದುಗನಾಗಿ ನನಗೆ ಮುಖ್ಯವೆನಿಸಿದ್ದು ಇದು: ನಾಯಕ ಇಲ್ಲದ ಪುಟಗಳೇ ಇಲ್ಲಿ ಹೆಚ್ಚು ಜೀವಂತ. ಪ್ಲೇಗಿನ ಅಧ್ಯಾಯದಲ್ಲಿ ಅವನಿನ್ನೂ ಎಂಟು ಹತ್ತು ವರ್ಷದ ಹುಡುಗ, ಕಥೆಯಲ್ಲಿ ಅವನಿಗೆ ಕೆಲಸವಿಲ್ಲ. ಆ ಅಧ್ಯಾಯ ಓದಿದವರು ಮರೆಯಲಾರರು.

ಈಗ ಎರಡು ಇಸವಿಗಳನ್ನು ಪಕ್ಕಪಕ್ಕ ಇಡೋಣ.

1358ರ ಮೇ ಕೊನೆಯಲ್ಲಿ ಪ್ಯಾರಿಸ್ಸಿನ ಉತ್ತರದ ಹಳ್ಳಿಗಳಲ್ಲಿ ರೈತರು ಎದ್ದರು. ಯುದ್ಧದಲ್ಲಿ ಸೋತು ಓಡಿಬಂದ ಸರದಾರರು ತೆರಿಗೆ ಮಾತ್ರ ಬಿಡದೆ ಕಿತ್ತುಕೊಳ್ಳುತ್ತಿದ್ದರು, ಲೂಟಿಕೋರರಿಂದ ಕಾಯುವವರಿರಲಿಲ್ಲ. ‘ಝಾಕ್’ ಎಂಬುದು ಹಳ್ಳಿಗನಿಗೆ ದೊಡ್ಡವರು ಇಟ್ಟಿದ್ದ ಹಾಸ್ಯದ ಹೆಸರು, ಅದರಿಂದಲೇ ಆ ದಂಗೆಗೆ ‘ಝಾಕ್ರಿ’ ಎಂಬ ಹೆಸರಾಯಿತು. ಗಢಿಗಳು ಸುಟ್ಟವು, ಸರದಾರರ ಮನೆಮಂದಿ ಸತ್ತರು. ಎರಡು ವಾರಗಳಲ್ಲಿ ದಂಗೆ ಮುರಿಯಿತು, ಅದಕ್ಕಿಂತ ಎಷ್ಟೋ ಭೀಕರವಾದ ಸೇಡು ಅದರ ಹಿಂದೆ ಬಂತು. ತನ್ನ ಸೀಮೆಯಲ್ಲಿ ಹಳ್ಳಿಗರನ್ನು ಬೆನ್ನಟ್ಟಿ ಕಡಿದ ಸರದಾರರ ಮುಂದಾಳುಗಳಲ್ಲಿ ಹದಿನೆಂಟರ ಹರೆಯದ ಆಂಗೆರಾನ್ ಒಬ್ಬ.

ಹತ್ತು ವರ್ಷ ಬಿಟ್ಟು, 1368ರಲ್ಲಿ, ಅದೇ ಆಂಗೆರಾನ್ ಒಂದು ಸನ್ನದು ಹೊರಡಿಸಿದ. ತನ್ನ ಒಡೆತನದ 22 ಊರು ಹಳ್ಳಿಗಳಲ್ಲಿ ನೆಲಕ್ಕೆ ಕಟ್ಟುಬಿದ್ದಿದ್ದ ರೈತರಿಗೆ ಬಿಡುಗಡೆ. ಕಟ್ಟು ಅಂದರೆ ಏನೇನು? ಸತ್ತವನ ಸ್ವತ್ತಿನ ಮೇಲೆ ಒಡೆಯನ ಹಕ್ಕು, ಅದಕ್ಕೆ ‘ಸತ್ತ ಕೈ’ ಎಂಬರ್ಥದ ಹೆಸರೇ ಇತ್ತು. ಒಡೆಯನ ಸೀಮೆಯಾಚೆ ಹೆಣ್ಣು ಕೊಡಬೇಕಾದರೆ, ತರಬೇಕಾದರೆ ಅವನ ಅಪ್ಪಣೆ, ಅದಕ್ಕೊಂದು ದಂಡ. ಇವನ್ನು ಕೈಬಿಡುವುದಕ್ಕೆ ಸನ್ನದು ಕೊಡುವ ಕಾರಣ ಕರುಣೆಯಲ್ಲ. ಜನ ಬಿಟ್ಟುಹೋಗುತ್ತಿದ್ದಾರೆ, ಹೊರಗೆ ಹೋಗಿ ಮದುವೆಯಾಗಿ ಅಲ್ಲೇ ನೆಲೆಸುತ್ತಿದ್ದಾರೆ, ಹೊಲ ಪಾಳುಬೀಳುತ್ತಿದೆ, ನಮ್ಮ ಆಸ್ತಿಯ ಬೆಲೆ ಇಳಿಯುತ್ತಿದೆ. ಬಿಡುಗಡೆ ಪುಕ್ಕಟೆಯೂ ಅಲ್ಲ, ಅದಕ್ಕೆ ಬದಲಾಗಿ ವರ್ಷವರ್ಷ ಕಂದಾಯ ಕಟ್ಟಬೇಕು.

ಈ ಪತ್ರವನ್ನು ಒಡೆಯನ ಕಡೆಯಿಂದ ಓದಿದರೆ ಒಬ್ಬ ಲೆಕ್ಕಬಲ್ಲ ಜಮೀನ್ದಾರ ಕಾಣಿಸುತ್ತಾನೆ. ಊರಿನ ಕಡೆಯಿಂದ ಓದಿದರೆ ಬೇರೆಯದೇ ಕಾಣುತ್ತದೆ. ಪ್ಲೇಗು ಮುಗಿದು ಇಪ್ಪತ್ತು ವರ್ಷ, ದುಡಿಯುವ ಕೈಗೆ ಎಲ್ಲೆಡೆ ಬೇಡಿಕೆ. ಕತ್ತಿ ಹಿಡಿದು ಎದ್ದ ನೆರೆಹೊರೆಯವರು ಏನಾದರೆಂದು ನೋಡಿದ ಜನ ಈ ಸಲ ಕತ್ತಿ ಹಿಡಿಯಲಿಲ್ಲ, ಗಂಟುಮೂಟೆ ಕಟ್ಟಿದರು. ಒಂದೊಂದೇ ಮನೆ, ಸದ್ದಿಲ್ಲದೆ. ಯಾವ ವೃತ್ತಾಂತಕಾರನೂ ಬರೆದಿಡುವಂಥ ಘಟನೆಯಲ್ಲ ಅದು, ಅಲ್ಲಿ ನಾಯಕನಿಲ್ಲ, ದಿನಾಂಕವಿಲ್ಲ. ಆದರೂ 54 ಮೀಟರ್ ಗೋಪುರದ ಒಡೆಯ ಮಣಿದು ಸಹಿ ಹಾಕಿದ್ದು ಇದಕ್ಕೆ. ಅವನ ಇಡೀ ಬದುಕಿನ ದಾಖಲೆಗಳಲ್ಲಿ ಕೂಸಿಯ ಜನ ಏನು ಮಾಡಿದರೆಂದು ಸ್ವತಃ ಅವನ ಬಾಯಿಂದಲೇ ಕೇಳಿಸುವ ಜಾಗ ಇದು. ಟಕ್‌ಮನ್ ಇಲ್ಲಿಗೆ ಬರುತ್ತಾರೆ, ಕಾರಣವನ್ನೂ ಬಿಡಿಸಿ ಹೇಳುತ್ತಾರೆ, ಆದರೆ ಬೇಗನೆ ಅವನ ಕುದುರೆಯ ಹಿಂದೆ ಹೊರಟುಬಿಡುತ್ತಾರೆ. ಪ್ಲೇಗು ಸಮಾಜವನ್ನು ಏನು ಮಾಡಿತು ಎಂಬ ಕುತೂಹಲದಿಂದ ಈ ಪುಸ್ತಕ ಹುಟ್ಟಿತೆಂದು ಹೇಳಿಕೊಂಡ ಲೇಖಕಿಗೆ ಉತ್ತರದ ಒಂದು ತುಣುಕು ಕೈಯಲ್ಲೇ ಇತ್ತು.

ಊರಿಗೆ ಇಂಥ ಪತ್ರ ಹೊಸದೂ ಅಲ್ಲ. ಮೊದಲನೆಯ ರಾವುಲ್ 1191ರಲ್ಲಿ ಧರ್ಮಯುದ್ಧದಲ್ಲಿ ಏಕರ್ ಬಳಿ ಸತ್ತಾಗ ಅವನ ವಿಧವೆ ಅಲಿಸ್ ಎಳೆಯ ಮಗನ ಪರವಾಗಿ ಆಡಳಿತ ನೋಡಿಕೊಂಡಳು. ಕೂಸಿಯ ಪಟ್ಟಣಕ್ಕೆ ಸ್ವಾತಂತ್ರ್ಯದ ಸನ್ನದು ಸಿಕ್ಕಿದ್ದು 1197ರಲ್ಲಿ, ಅವಳಿಂದ. ಆ ಎಳೆಯ ಮಗನೇ ಮುಂದೆ ಗೋಪುರ ಕಟ್ಟಿದ ಮೂರನೆಯ ಆಂಗೆರಾನ್. ಎರಡು ಸನ್ನದುಗಳ ನಡುವಿನ ನೂರಾ ಎಪ್ಪತ್ತು ವರ್ಷಗಳನ್ನು ಊರಿನ ಕಣ್ಣಿಂದ ಬರೆದಿದ್ದರೆ ಅದು ಬೇರೆಯೇ ಪುಸ್ತಕವಾಗುತ್ತಿತ್ತು, ನಿಜ. ಬರೆಯಲು ಸಾಮಗ್ರಿ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವನ್ನು ಟಕ್‌ಮನ್ ಅವರೇ ತಮ್ಮ ಮುನ್ನುಡಿಯಲ್ಲಿ ಕೊಟ್ಟಿದ್ದಾರೆ. ಕೆಡುಕು ಮಾತ್ರ ದಾಖಲಾಗುತ್ತದೆ, ದಾಖಲಾದದ್ದು ಇದ್ದದ್ದಕ್ಕಿಂತ ಐದು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅವರು ತಮಾಷೆಯಾಗಿ ಒಂದು ನಿಯಮವನ್ನೇ ಮಾಡಿದ್ದರು. ಕೆಡುಕಿನಷ್ಟೇ ಒಡೆತನಕ್ಕೂ ಆ ನಿಯಮ ಒಪ್ಪುತ್ತದೆ.

ಕೊನೆಯ ಭಾಗದ ನಿಕೋಪೊಲಿಸ್ ಕದನವನ್ನು ಅವರಷ್ಟು ಚೆನ್ನಾಗಿ ಹೇಳಿದವರು ಕಡಿಮೆ. 1396ರ ಸೆಪ್ಟೆಂಬರ್, ಡ್ಯಾನ್ಯೂಬ್ ದಂಡೆ, ಸುಲ್ತಾನ್ ಬಯಜೀದನ ಎದುರು ಅವಸರದಿಂದ ನುಗ್ಗಿದ ಫ್ರೆಂಚ್ ಸರದಾರರು. ತಡೆಯಲು ನೋಡಿದವರಲ್ಲಿ ಆಂಗೆರಾನ್ ಒಬ್ಬ. ಸೆರೆಸಿಕ್ಕು ಮರುವರ್ಷ ಬುರ್ಸಾದಲ್ಲಿ ಸತ್ತ. ಇಲ್ಲಿ ದೂರಲು ನನಗೆ ಏನೂ ಇಲ್ಲ.

ದೂರು ಮತ್ತೆ ಶುರುವಾಗುವುದು ಉಪಸಂಹಾರದಲ್ಲಿ, ಕೋಟೆಯ ಅಂತ್ಯ ಬರುವಲ್ಲಿ. ಹದಿನೇಳನೆಯ ಶತಮಾನದಲ್ಲಿ ಮಝರೇನ್ ಕೆಡವಿಸಲು ಹೋದರೂ ಗೋಪುರ ಬೀಳಲಿಲ್ಲ, ಹತ್ತೊಂಬತ್ತರಲ್ಲಿ ವಿಯೋಲೆ-ಲ-ದ್ಯುಕ್ ಅದರ ಬಿರುಕುಗಳನ್ನು ಕಟ್ಟಿಸಿದ. 1917ರ ಮಾರ್ಚಿನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ 28 ಟನ್ ಸ್ಫೋಟಕವಿಟ್ಟು ಅದನ್ನು ಉಡಾಯಿಸಿತು. ‘ದಿ ಗನ್ಸ್ ಆಫ್ ಆಗಸ್ಟ್’ ಬರೆದವರಿಗೆ ಈ ಸಂಗತಿ ಎಷ್ಟು ತಟ್ಟಿರಬೇಕು ಎಂಬುದು ಅರ್ಥವಾಗುತ್ತದೆ. ದೂರದ ಕನ್ನಡಿಯಲ್ಲಿ ತಮ್ಮ ಶತಮಾನದ ಮುಖ ಕಾಣುವ ಗಳಿಗೆ ಅದು. ಆದರೆ ಆ ಯುದ್ಧದಲ್ಲಿ ಗೋಪುರದ ಜೊತೆ ಊರೂ ನೆಲಸಮವಾಗಿತ್ತು. ನಮ್ಮ ಕಣ್ಣು ಕಟ್ಟುವ ಹಾಗೆ ಬೀಳುವುದು ಮಾತ್ರ ಗೋಪುರವೇ.

ಆ ಕಲ್ಲುರಾಶಿಯನ್ನು ಫ್ರಾನ್ಸ್ ಮತ್ತೆ ಕಟ್ಟಲಿಲ್ಲ, ಯುದ್ಧದ ಬರ್ಬರತೆಯ ಸ್ಮಾರಕವೆಂದು ಬಿದ್ದ ಹಾಗೆಯೇ ಬಿಟ್ಟಿತು. ಊರನ್ನು ಹಾಗೆ ಬಿಡಲಾಗಲಿಲ್ಲ. ಜನ ಮರಳಿ ಬಂದು ಮನೆ ಕಟ್ಟಿಕೊಂಡರು. ವಂಶದ ಲೆಕ್ಕ ಅದಕ್ಕಿಂತ ಐದು ಶತಮಾನ ಮೊದಲೇ ಮುಗಿದಿತ್ತು: ಗಂಡು ವಾರಸುದಾರನಿಲ್ಲದ ಆಂಗೆರಾನನ ಮಗಳು ಮರಿ, ಅಪ್ಪ ಸತ್ತ ಮೂರು ವರ್ಷಕ್ಕೆ, 1400ರಲ್ಲಿ, ಕೂಸಿಯನ್ನು ಓರ್ಲೆಯಾಂ ಡ್ಯೂಕ್ ಲೂಯಿಗೆ ಮಾರಿದಳು.