ನಿಸರ್ಗ ಛಾಯಾಚಿತ್ರದಲ್ಲಿ ಭಾವದ ನೆಲೆ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿರುವ ಯೇವಲಾ, ಪೈಠಣಿ ಸೀರೆಗಳ ನೇಯ್ಗೆಗೆ ಹೆಸರಾದ ಊರು. ಅದರ ಉತ್ತರಕ್ಕೆ, ಮನ್ಮಾಡದ ಕಡೆಗೆ, ಅಂಕಾಯಿ–ಟಂಕಾಯಿ ಎಂಬ ಜೋಡುಬೆಟ್ಟಗಳಿವೆ. ಕರಿಗಲ್ಲಿನ ಪಾವಟಿಗೆಗಳಂತೆ ಮೇಲೇರಿದ ಆ ಬೆಟ್ಟಗಳ ಮುಂದೆ ಮರಗಳು ವಿರಳವಾದ ಬಯಲು. ಬೇಸಿಗೆಯಲ್ಲಿ ತೆಗೆದ ಇದರ ಛಾಯಾಚಿತ್ರವನ್ನು ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನ ಮುಂದಿಟ್ಟರೆ ಆತನು ಅದನ್ನು ವಿಷಣ್ಣವೆಂದು ಬಣ್ಣಿಸಿಯಾನು. ಯೇವಲೆಯ ರೈತನಿಗಾದರೋ ಅಲ್ಲಿ ಕಾಣುವುದು ಉತ್ತು ಹದಗೊಳಿಸಿ ಮಳೆಗಾಗಿ ಬಿಟ್ಟ ಹೊಲ. ಇಬ್ಬರೂ ಚಿತ್ರವನ್ನು ಕುರಿತೇ ಮಾತನಾಡುತ್ತಿರುವರೆಂದು ತಿಳಿಯುವುದು ಸರಿಯೆ?

ಭಾರತೀಯ ಆಲಂಕಾರಿಕರು ವಿಭಾವವನ್ನು ಆಲಂಬನ, ಉದ್ದೀಪನ ಎಂದು ವಿಂಗಡಿಸಿದುದು ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆಲ್ಲ ಪರಿಚಿತ. ನಾಯಕ ನಾಯಿಕೆಯರು ಆಲಂಬನ. ಬೆಳುದಿಂಗಳು, ಮೋಡ, ಮಂದಾನಿಲಗಳು ಉದ್ದೀಪನ. ಮನುಷ್ಯರಿಲ್ಲದ ನಿಸರ್ಗಚಿತ್ರದಲ್ಲಿ ಉದ್ದೀಪನವೊಂದೇ ಉಳಿಯುತ್ತದೆ. ತೆರವಾದ ಆಲಂಬನದ ಸ್ಥಾನವನ್ನು ಪ್ರೇಕ್ಷಕನು ತನ್ನ ನೆನಪಿನಿಂದ ತುಂಬುತ್ತಾನೆ. ಊರು ಬಿಟ್ಟು ಬಂದವನು ಅಲ್ಲಿ ಅಗಲಿಕೆಯನ್ನು ತುಂಬುವುದು ಸ್ವಾಭಾವಿಕ. ಮಳೆಗಾಲದ ಸಹ್ಯಾದ್ರಿಯ ತೀರ ಸಾಧಾರಣವಾದ ಚಿತ್ರಗಳಿಗೂ ವಲಸೆ ಬಂದ ಕನ್ನಡಿಗರಿಂದ ಧಾರಾಳವಾದ ಮೆಚ್ಚುಗೆ ದೊರೆಯುವುದಕ್ಕೆ ಇದೇ ಕಾರಣವಿರಬೇಕು. ಆ ಮೆಚ್ಚುಗೆ ಸುಳ್ಳಲ್ಲ. ಆದರೆ ಅದನ್ನು ವಿಮರ್ಶೆಯೆಂದು ಕರೆಯಲಾಗದು.

ಹಾಗೆಂದು ಭಾವವೆಲ್ಲವೂ ಪ್ರೇಕ್ಷಕನದೇ ಎನ್ನುವಂತೆಯೂ ಇಲ್ಲ. ಉಪಕರಣಕ್ಕೂ ಅದರಲ್ಲಿ ಪಾಲುಂಟು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯನ್ನು ಸೆರೆಹಿಡಿದನು. ಆ ಕಾಲದ ಬೆಳ್ಳಿಯ ಲವಣಗಳು ನೀಲಿಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಸಾಮಾನ್ಯವಾಗಿ ಬರಿದಾಗಿ ಮೂಡುತ್ತಿತ್ತು. ಕಾಗದವನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಾಗಿದ್ದುದರಿಂದ ನಡೆದಾಡುವವರು ಗುರುತಿಲ್ಲದೆ ಅಳಿಸಿಹೋಗುತ್ತಿದ್ದರು. ಇಂದಿನ ಪ್ರೇಕ್ಷಕನು ಈ ನಿರ್ಜನತೆಯಲ್ಲಿ 1565ರ ಅನಂತರದ ಮೌನವನ್ನೇ ಕೇಳುತ್ತಾನೆ. ಕೇಳಿಸುತ್ತಿರುವುದರಲ್ಲಿ ಅರ್ಧವಾದರೂ ರಸಾಯನಶಾಸ್ತ್ರವೆಂಬುದು ಅವನಿಗೆ ಹೊಳೆಯುವುದಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದನು. ಎರಡನ್ನೂ ಜೊತೆಗಿಟ್ಟು ನೋಡಿದವರಿಗೆ ಕಲ್ಲು ಹೆಚ್ಚು ಬದಲಾಗದೆಯೂ ಭಾವ ಬದಲಾಗಬಹುದೆಂಬುದು ಮನದಟ್ಟಾಗುತ್ತದೆ.

ಗ್ರೀನ್‌ಲಾನಿಗೆ ಅನಿವಾರ್ಯವಾಗಿದ್ದುದನ್ನು ಅನಂತರದವರು ಬೇಕೆಂದೇ ಸಾಧಿಸಿದರು. 1927ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಶೋಧಕದಿಂದ ಚಿತ್ರಿಸಿ, ತೃಪ್ತಿಯಾಗದೆ, ಕಡುಗೆಂಪು ಶೋಧಕವನ್ನು ಹಾಕಿದನು. ನೀಲಿ ಆಕಾಶ ಕಪ್ಪಾಯಿತು, ಬಂಡೆ ಗಂಭೀರವಾಯಿತು. ಈತನದು ಸಂಕಲ್ಪ, ಅವನದು ಸಾಮಗ್ರಿಯ ಮಿತಿ. ಆದರೆ ಚಿತ್ರದೆದುರು ನಿಂತವನಿಗೆ ಈ ಭೇದ ತಿಳಿಯದು. ಆದ್ದರಿಂದ ಛಾಯಾಗ್ರಾಹಕನ ಉದ್ದೇಶವೊಂದನ್ನೇ ಮಾನದಂಡವಾಗಿ ಹಿಡಿಯುವುದು ಸಾಧ್ಯವಿಲ್ಲ. ಆಕಾಶದ ಬಣ್ಣವನ್ನು ಬದಿಗಿಟ್ಟ ಮೇಲೂ ನಿಲುವಿನ ಆಯ್ಕೆ, ನೆರಳಿನ ದಿಕ್ಕು, ಚೌಕಟ್ಟಿನ ಅಂಚು ಇವು ಅದೇ ಭಾವವನ್ನು ಪೋಷಿಸುವುವೆ ಎಂದು ಪರೀಕ್ಷಿಸುವುದು ಹೆಚ್ಚು ನ್ಯಾಯವಾದ ದಾರಿ. ಕೆಂಪು ಶೋಧಕದಿಂದ ಬಿಸಿಲ ಮಧ್ಯಾಹ್ನವನ್ನು ಬಿರುಗಾಳಿಯಾಗಿಸುವ ಎಷ್ಟೋ ಚಿತ್ರಗಳು ಈ ಪರೀಕ್ಷೆಯಲ್ಲಿ ನಿಲ್ಲಲಾರವು.

ಯೇವಲೆಯ ಬಯಲಿಗೆ ಮತ್ತೊಂದು ಅರ್ಥವೂ ಇದೆ. 1935ರ ಅಕ್ಟೋಬರ್ 13ರಂದು, ಹಿಂದುವಾಗಿ ಹುಟ್ಟಿದರೂ ಹಿಂದುವಾಗಿ ಸಾಯುವುದಿಲ್ಲವೆಂದು ಡಾ. ಅಂಬೇಡ್ಕರರು ಸಾರಿದುದು ಈ ಊರಿನಲ್ಲಿ. ಚಿತ್ರದ ಕೆಳಗೆ ಇಷ್ಟನ್ನು ಬರೆದರೆ ಸಾಕು, ವಿಷಣ್ಣವೆನಿಸಿದ್ದ ಬಯಲು ಏನನ್ನೋ ಎದುರುನೋಡುವಂತೆ ತೋರುತ್ತದೆ. ಒಂದು ಹುಲ್ಲುಕಡ್ಡಿಯೂ ಕದಲಿರುವುದಿಲ್ಲ. ಇದನ್ನು ತವರಿನ ಹಂಬಲದೊಡನೆ ಸಮೀಕರಿಸಲಾಗದು. ಹಂಬಲ ಒಬ್ಬನದು, ಚರಿತ್ರೆ ಎಲ್ಲರದು. ಸಾಧಾರಣೀಕರಣಕ್ಕೆ ಎರಡನೆಯದು ಹೆಚ್ಚು ಒದಗುತ್ತದೆ. ಆದರೂ ಆ ಭಾವ ಬರೆಹದಿಂದ ಬಂದುದೇ ಹೊರತು ಚಿತ್ರದಿಂದಲ್ಲವೆಂಬುದನ್ನು ಒಪ್ಪಬೇಕು. ನಗರಗಳ ಛಾಯಾಚಿತ್ರ ಪ್ರದರ್ಶನಗಳಲ್ಲಿ ತೀರ್ಪುಗಾರರು ಮೊದಲು ಬರೆಹವಿಲ್ಲದೆ ಅಂಕವಿತ್ತು, ಆಮೇಲೆ ಸ್ಥಳ, ತಿಂಗಳು, ಹೊತ್ತು, ಬಳಸಿದ ಶೋಧಕ ಇವುಗಳನ್ನು ನಮೂದಿಸಿದ ಚೀಟಿಯನ್ನು ಓದಿ ಮತ್ತೊಮ್ಮೆ ಅಂಕವಿಡುವುದಾದರೆ, ಎರಡು ಅಂಕಗಳ ಅಂತರವು ಚಿತ್ರದ ಪಕ್ಕದಲ್ಲಿಯೇ ಪ್ರಕಟವಾಗಲು ಅಡ್ಡಿಯೇನೂ ಇಲ್ಲ.