ಹಳೆಯ ಒಡವೆಯ ಬೆಲೆ

ಅಲಂಕಾರವೆಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಮೈಮೇಲಿನ ಒಡವೆ ಒಂದು. ಕಾವ್ಯದ ಉಪಮೆ ರೂಪಕಗಳು ಇನ್ನೊಂದು. ಎರಡನೆಯದನ್ನು ವಿವೇಚಿಸುವ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ರಚಿತವಾದದ್ದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಆಸ್ಥಾನದಲ್ಲಿ. ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ಮೊದಲನೆಯದನ್ನು ಕಾಣಬೇಕಾದರೆ ಕಲಬುರಗಿಯ ಸರಾಫ್ ಬಜಾರಿಗೆ ಹೋಗಬೇಕು.

ಎರಡಕ್ಕೂ ನಂಟಿಲ್ಲದೆ ಇಲ್ಲ. ನಮ್ಮ ಕಡೆಯ ಬೋರಮಾಳದ ಮಣಿ ಬೋರೆಹಣ್ಣಿನಂತೆ ಗುಂಡಗೆ. ಅವಲಕ್ಕಿ ಸರದ ಬಿಲ್ಲೆ ಅವಲಕ್ಕಿಯಂತೆ ತೆಳ್ಳಗೆ. ಹೊಲದ ಬದುವಿನಿಂದ, ಅಡಿಗೆಯ ಮನೆಯಿಂದ ಎತ್ತಿಕೊಂಡ ಉಪಮೆಗಳಿವು. ಕವಿ ಶಬ್ದದಲ್ಲಿ ಮಾಡಿದ್ದನ್ನು ಪತ್ತಾರ ಚಿನ್ನದಲ್ಲಿ ಮಾಡಿದ. ಹಳೆಯ ಒಡವೆ ನಮ್ಮನ್ನು ಸೆಳೆಯುವುದು ಈ ಕಾರಣಕ್ಕೆ; ಅಲ್ಲದೆ ತೊಟ್ಟವರ ಮೈ ಅದರ ಅಂಚುಗಳನ್ನು ಸವೆಸಿರುತ್ತದೆಂಬ ಕಾರಣಕ್ಕೆ. ಈಗ ‘ಆಂಟಿಕ್’ ಎಂದು ಮಾರುವ ಹೊಸ ಸರಗಳಿಗೆ ಬಣ್ಣ ಮಂಕುಮಾಡಿ ಮುಪ್ಪು ತರಿಸುತ್ತಾರೆ. ಅವನ್ನು ಕಂಡಾಗ, ನಾಲ್ಕು ಹಳಗನ್ನಡ ಪದಗಳನ್ನು ಪೋಣಿಸಿ ಪ್ರಾಚೀನನಾಗ ಹೊರಟ ಕವಿಯ ನೆನಪು ನನಗೆ ಬರುತ್ತದೆ. ಸವಕಳಿ ಬಾಳಿನಿಂದ ಬರಬೇಕು, ಬಣ್ಣದಿಂದಲ್ಲ.

ಹೀಗೆಲ್ಲ ತೀರ್ಮಾನ ಮಾಡಿಕೊಂಡಿದ್ದ ನನ್ನ ರಸಿಕತೆಗೆ ಒಂದು ದಿನ ಅದೇ ಬಜಾರದಲ್ಲಿ ಪೆಟ್ಟು ಬಿತ್ತು. ಹುಮನಾಬಾದ್ ರಸ್ತೆಯ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಸುತ್ತ ಲಂಬಾಣಿ ತಾಂಡಾಗಳಿವೆ. ಅಲ್ಲಿಂದ ಒಬ್ಬ ಹಿರಿಯಾಕೆ ಮೊಮ್ಮಗಳೊಡನೆ ಬಂದಿದ್ದರು. ಬಟ್ಟೆಯ ಗಂಟು ಬಿಚ್ಚಿದರೆ ಒಳಗೆ ಬೆಳ್ಳಿಯ ಒಡವೆಗಳು, ಐದನೆಯ ಜಾರ್ಜನ ಮುಖವಿದ್ದ ರೂಪಾಯಿಗಳನ್ನು ಬೆಸೆದ ಒಂದು ಸರ. ಗಂಡ ತೀರಿದ ಮೇಲೆ ತೊಡದೆ ಎತ್ತಿಟ್ಟಿದ್ದರಂತೆ. ಅಂಗಡಿಯವರು ತೂಗಿದರು, ಬೆಸುಗೆಗೆಂದು ಇಷ್ಟು ಕಳೆದರು, ಬೆಲೆ ಹೇಳಿದರು. ಕೆಲಸಗಾರಿಕೆಗೆ ಅದರಲ್ಲಿ ಒಂದು ಪೈಸೆಯೂ ಇರಲಿಲ್ಲ.

ನಾನು ಸುಮ್ಮನಿರಲಾರದೆ, “ಯವ್ವಾ, ಇಂಥಾ ಕೆಲಸ ಮತ್ತ ಸಿಗಂಗಿಲ್ಲ, ಮಾರಬ್ಯಾಡ್ರಿ” ಎಂದೆ.

“ಛಂದ ಅದ, ಖರೆ. ಇಕಿ ಕಾಲೇಜಿನ ಫೀಸು ನೀವು ಕಟ್ತೀರೇನು ಯಪ್ಪಾ?” ಎಂದರು ಆಕೆ.

ಉತ್ತರ ನನ್ನಲ್ಲಿರಲಿಲ್ಲ. ಉತ್ತರ ಇದೇ ಸೀಮೆಯ ಹಳೆಯ ಗ್ರಂಥವೊಂದರಲ್ಲಿತ್ತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರ ಕಲಬುರಗಿಯ ಸಮೀಪದ ಮರ್ತೂರಿನವನೆಂದು ಪ್ರಸಿದ್ಧಿ. ಹೆಣ್ಣಿಗೆ ಮದುವೆಯಲ್ಲಿ ಬಂದದ್ದಷ್ಟೇ ಅಲ್ಲದೆ ಆಕೆ ಕೊಂಡದ್ದು, ಪಾಲಾಗಿ ಪಡೆದದ್ದು ಕೂಡ ಸ್ತ್ರೀಧನವೆಂದು ಅವನ ‘ಮಿತಾಕ್ಷರಾ’ ವಿಸ್ತರಿಸಿತು. ಕ್ಷಾಮ, ರೋಗಗಳಂಥ ಸಂಕಟ ಬಂದಾಗಲ್ಲದೆ ಗಂಡ ಅದನ್ನು ಮುಟ್ಟುವಂತಿರಲಿಲ್ಲ. ಒಡವೆ ಅಂದವೂ ಹೌದು, ಆಪತ್ಕಾಲದ ಗಂಟೂ ಹೌದು. ಅಂದವನ್ನಷ್ಟೇ ಹೊಗಳಿ ಗಂಟನ್ನು ಮರೆಯುವ ವಿಮರ್ಶೆ ಅರ್ಧ ವಿಮರ್ಶೆ.

ಬೇರೆ ನಾಡುಗಳಲ್ಲೂ ಈ ಎರಡು ಎಳೆಗಳುಂಟು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನವರು ಸತ್ತವರ ಕೂದಲನ್ನೇ ಲಾಕೆಟ್ಟಿನಲ್ಲಿಟ್ಟು ಧರಿಸುತ್ತಿದ್ದರು. 1861ರಲ್ಲಿ ರಾಣಿ ವಿಧವೆಯಾದ ಮೇಲೆ ಅಂಥ ಶೋಕದ ಆಭರಣಗಳು ಇನ್ನೂ ಹೆಚ್ಚಿದವು. ಅಲ್ಲಿ ನೆನಪೇ ಪ್ರಧಾನ. ಅರಬ್ ನಾಡುಗಳಲ್ಲಾದರೋ ಹೆಣ್ಣು ತೀರಿದ ಮೇಲೆ ಅವಳ ಬೆಳ್ಳಿಯನ್ನು ಕರಗಿಸಿ ಹೊಸ ಒಡವೆ ಮಾಡಿಸುವ ರೂಢಿಯಿತ್ತು. 1780ರ ಮುದ್ರೆ ಹೊತ್ತ ಮರಿಯಾ ಥೆರೇಸಾ ನಾಣ್ಯವೂ ಅಲ್ಲಿ ಒಡವೆಗೆ ಬೆಳ್ಳಿಯಾಗುತ್ತಿತ್ತು, ನಮ್ಮ ತಾಂಡಾದಲ್ಲಿ ಜಾರ್ಜನ ರೂಪಾಯಿ ಸರವಾದಂತೆ.

ಆದ್ದರಿಂದ ಕರಗುವುದನ್ನು ಕುರಿತು ನಾನು ಅಳಲಾರೆ. ಮಾರುವ ಅಗತ್ಯ ಬೀಳದವನ ಅಳಲು ಅದು. ಆದರೆ ತಕ್ಕಡಿ ತೂಗದೆ ಬಿಡುವ ವಸ್ತುವೊಂದಿದೆ: ಒಡವೆಯ ಹೆಸರು. ಬೆಳ್ಳಿ ಮತ್ತೊಂದು ರೂಪದಲ್ಲಿ ಬಂದೀತು. ಹೆಸರು ಮಾತ್ರ ಆಡುವವರಿಲ್ಲದಿದ್ದರೆ ಮತ್ತೆ ಬಾರದು. ಒಡವೆ ಮಾರುವ ಮುನ್ನ ಅದರ ಹೆಸರನ್ನೂ, ತೊಟ್ಟವರು ಯಾರೆಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡುವುದಕ್ಕೆ ಯಾವ ಮನೆಯವರಿಗೂ ಖರ್ಚಿಲ್ಲ.

ಅಂದು ನಾನು ಅಷ್ಟನ್ನು ಮಾಡಿದೆ. ಒಂದೊಂದನ್ನೂ ತೋರಿಸಿ ಕೇಳಿದೆ. ಘುಗರಿ, ಟೋಪ್ಲಿ, ಹಾಂಸಲಿ ಎಂದು ಹಿರಿಯಾಕೆ ಹೇಳುತ್ತ ಹೋದರು. ನಾನು ಬರೆದದ್ದನ್ನು ಇಣುಕಿ ನೋಡಿದ ಮೊಮ್ಮಗಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಎರಡು ಅಕ್ಷರ ತಿದ್ದಿದಳು.